ಕಾಡಿನ ಪ್ರಾಣಿ ಎಣಿಕೆಗೆ ಸ್ವಯಂಸೇವಕರಾಗಿ ಹೋಗುವುದು ಹೇಗೆ: ಅರ್ಜಿಯಿಂದ ಡೇಟಾ ಶೀಟ್‌ವರೆಗೆ

ಚಳಿಗಾಲ ಹತ್ತಿರ ಬಂದರೆ ಸಾಕು, ಗೆಳೆಯರು, ಗೆಳೆಯರ ಮಕ್ಕಳು, ಆಫೀಸಿನವರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಹುಲಿ ಗಣತಿಗೆ ನಾವೂ ಹೋಗಬಹುದಾ? ಏನು ಮಾಡಬೇಕು?" ಹೋಗಬಹುದು. ಆದರೆ ಆರಾಮಾಗಿ ನಾಲ್ಕು ದಿನ ಕಾಡು ನೋಡಿ ಬರೋಣ ಅಂತ ಹೊರಡಬೇಡಿ. ಅಲ್ಲಿ ನಿಮ್ಮಿಂದ ಆಗಬೇಕಾದ ಕೆಲಸ ಇದೆ. ಅದನ್ನು ಸರಿಯಾಗಿ ಮಾಡಿದರೆ ನೀವು ಬರೆದ ಅಂಕಿ ಒಂದು ಕಾಡಿನ ಭವಿಷ್ಯದ ತೀರ್ಮಾನದಲ್ಲಿ ಸೇರುತ್ತದೆ. ಹೇಗೆ ಹೋಗಬೇಕು, ಹೋದ ಮೇಲೆ ಏನು ಮಾಡಬೇಕು ಅನ್ನುವುದನ್ನು ಮೊದಲಿಂದ ಹೇಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ನಾಗರಹೊಳೆ, ಬಂಡೀಪುರದ ಕಡೆಯ ಸರ್ವೆಗಳು. ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ.

ಮೊದಲು, ಅಲ್ಲಿ ಏನು ಕೆಲಸ ಅಂತ ತಿಳಿದುಕೊಳ್ಳಿ

ಹಿಂದೆ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತು ನೋಡಿ. ಗಾಜಿನ ಮೇಲೆ ಗುರುತು ಬರೆದುಕೊಂಡು, ಪ್ಲಾಸ್ಟರ್ ಅಚ್ಚು ತೆಗೆದು, "ಇದು ಬೇರೆ ಹುಲಿ, ಅದು ಬೇರೆ ಹುಲಿ" ಅಂತ ಹೇಳುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಆ ಲೆಕ್ಕ ನಂಬುವಂಥದ್ದಲ್ಲ ಅಂತ ಉಲ್ಲಾಸ ಕಾರಂತರಂಥ ವಿಜ್ಞಾನಿಗಳು ಬಹಳ ಹಿಂದೆಯೇ ಹೇಳಿದ್ದರು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಅನ್ನುವುದು ಬಯಲಾಯಿತು. ಕಾಗದದಲ್ಲಿ ಮಾತ್ರ ಹುಲಿಗಳಿದ್ದವು. ಅದಾದ ಮೇಲೆ 2006ರಿಂದ ದೇಶದಲ್ಲಿ ಬೇರೆ ವಿಧಾನ ಬಂತು. ಕ್ಯಾಮೆರಾ ಟ್ರ್ಯಾಪ್‌ನಲ್ಲಿ (ಪ್ರಾಣಿ ಮುಂದೆ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಹುಲಿಯ ಪಟ್ಟೆ ನೋಡಿ ಗುರುತಿಸುವುದು, ಜೊತೆಗೆ ಅದರ ಆಹಾರವಾದ ಪ್ರಾಣಿಗಳನ್ನು ನೇರ ಗೆರೆಯಲ್ಲಿ ನಡೆದು ಎಣಿಸುವುದು.

ಈ ನೇರ ಗೆರೆಯೇ ಟ್ರಾನ್ಸೆಕ್ಟ್ ಲೈನ್. ಕಾಡಿನಲ್ಲಿ ಎಲ್ಲರೂ ಸುಮ್ನೆ 'ಲೈನ್' ಅನ್ನುತ್ತಾರೆ. ಸ್ವಯಂಸೇವಕರ ಕೆಲಸ ಹೆಚ್ಚಾಗಿ ಇರುವುದು ಈ ಲೈನ್ ಮೇಲೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ತಿನ್ನುತ್ತದೆ. ಅಷ್ಟು ತಿಂದೂ ಹಿಂಡು ಕರಗದೆ ಇರಬೇಕಾದರೆ ಸುಮಾರು 500 ಪ್ರಾಣಿಗಳಾದರೂ ಇರಬೇಕು. ಹಾಗಾಗಿ ಜಿಂಕೆ, ಕಡವೆ, ಕಾಟಿ, ಕಾಡುಹಂದಿ ಎಷ್ಟಿವೆ ಅಂತ ಗೊತ್ತಾದರೆ ಆ ಕಾಡು ಎಷ್ಟು ಹುಲಿಗಳನ್ನು ಸಾಕಬಲ್ಲದು ಅಂತ ಗೊತ್ತಾಗುತ್ತದೆ.

ಹಾಗಾದರೆ ಹುಲಿ ಕಾಣುತ್ತಾ? ಬಹಳ ಜನರಿಗೆ ಇಡೀ ಸರ್ವೆಯಲ್ಲಿ ಕಾಣುವುದಿಲ್ಲ. ಕೆಲವು ಬೆಳಗ್ಗೆ ಒಂದು ಜಿಂಕೆಯೂ ಸಿಗುವುದಿಲ್ಲ. ಆ ದಿನ ಶೀಟ್‌ನಲ್ಲಿ ಲೈನ್ ಸಂಖ್ಯೆ, ಹೊರಟ ಸಮಯ, ಮುಗಿಸಿದ ಸಮಯ ಬರೆದು 'ಯಾವ ಪ್ರಾಣಿಯೂ ಕಾಣಲಿಲ್ಲ' ಅಂತ ಬರೆಯಬೇಕು. ಆ ಖಾಲಿ ಶೀಟ್ ತುಂಬಿದ ಶೀಟ್‌ನಷ್ಟೇ ಮುಖ್ಯ. ಅದನ್ನು ಬಿಟ್ಟುಬಿಟ್ಟರೆ ಲೆಕ್ಕದಲ್ಲಿ ಪ್ರಾಣಿ ಇರುವ ಜಾಗಗಳು ಮಾತ್ರ ಉಳಿಯುತ್ತವೆ, ಕಾಡು ಇರುವುದಕ್ಕಿಂತ ಸಮೃದ್ಧವಾಗಿ ಕಾಣುತ್ತದೆ. ಇದು ಒಪ್ಪಿಗೆ ಇದ್ದರೆ ಮುಂದೆ ಓದಿ.

ಯಾವ ಸರ್ವೆ, ಯಾವ ತಿಂಗಳು

ದೊಡ್ಡದು ಅಖಿಲ ಭಾರತ ಹುಲಿ ಅಂದಾಜು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ರಾಜ್ಯಗಳ ಅರಣ್ಯ ಇಲಾಖೆ ಸೇರಿ ನಾಲ್ಕು ವರ್ಷಕ್ಕೊಮ್ಮೆ ಮಾಡುತ್ತವೆ. 2006, 2010, 2014, 2018, 2022ರಲ್ಲಿ ಆಗಿದೆ. 2022ರ ಅಂದಾಜಿನಲ್ಲಿ ದೇಶಕ್ಕೆ 3,682, ಕರ್ನಾಟಕಕ್ಕೆ 563 ಹುಲಿ. ಇದರ ಮೊದಲ ಹಂತದಲ್ಲಿ ಬೀಟ್ ಬೀಟ್‌ಗೂ (ಬೀಟ್ ಅಂದರೆ ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ಭಾಗ) ಗಾರ್ಡ್‌ಗಳು ನಡೆಯುತ್ತಾರೆ. ಕೆಲವು ಕಡೆ ಅವರ ಜೊತೆ ಸ್ವಯಂಸೇವಕರನ್ನೂ ಕರೆಯುತ್ತಾರೆ.

ಇದಲ್ಲದೆ ಹುಲಿ ಮೀಸಲುಗಳಲ್ಲಿ, ಸಂಶೋಧನಾ ಸಂಸ್ಥೆಗಳ ಯೋಜನೆಗಳಲ್ಲಿ ಲೈನ್ ಸರ್ವೆ ಬೇರೆಯಾಗಿಯೂ ನಡೆಯುತ್ತದೆ. ನಾಗರಹೊಳೆಯಲ್ಲಿ ಕಾರಂತರು 1986ರಲ್ಲಿ ಶುರು ಮಾಡಿದ ಅಧ್ಯಯನದಿಂದ ಬೆಳೆದ ಪರಂಪರೆ ಇದು. ಮುಂದೆ ಇದಕ್ಕೆ ಊರೂರಿನ ಸ್ವಯಂಸೇವಕರು ಸೇರಿಕೊಂಡರು. ಮೇಷ್ಟ್ರು, ಕಾಫಿ ಬೆಳೆಗಾರರು, ಕಾಲೇಜು ಹುಡುಗರು, ಬೆಂಗಳೂರಿನ ಸಾಫ್ಟ್‌ವೇರ್ ಜನ ಎಲ್ಲರೂ ಈ ಲೈನ್‌ಗಳನ್ನು ನಡೆದಿದ್ದಾರೆ.

ಆನೆ ಅಂದಾಜು ಸಾಮಾನ್ಯವಾಗಿ ಬೇಸಿಗೆಯಲ್ಲಿ. 2023ರ ಮೇ ತಿಂಗಳಲ್ಲಿ ಮೂರು ದಿನ ನಡೆದದ್ದು ಹೀಗೆ: ಮೊದಲ ದಿನ ಒಂದು ಬ್ಲಾಕ್ ಪೂರ್ತಿ ಓಡಾಡಿ ಕಂಡ ಆನೆಗಳನ್ನು ನೇರವಾಗಿ ಎಣಿಸುವುದು, ಎರಡನೇ ದಿನ ಲೈನ್ ಮೇಲೆ ಲದ್ದಿ ಎಣಿಸುವುದು, ಮೂರನೇ ದಿನ ಕೆರೆ ದಡದಲ್ಲಿ ಕೂತು ನೀರಿಗೆ ಬರುವ ಆನೆಗಳನ್ನು ಗಂಡು, ಹೆಣ್ಣು, ಮರಿ ಅಂತ ವಿಂಗಡಿಸುವುದು. ಆ ಸಲ ಕರ್ನಾಟಕದ ಅಂದಾಜು 6,395 ಆನೆ. 2017ರಲ್ಲಿ ಅದು 6,049 ಇತ್ತು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮೂರೇ ದಿನ, ವಿಧಾನ ಸರಳ, ಕೆರೆ ದಡದ ದಿನವಂತೂ ಸುಸ್ತಾದವರಿಗೂ ಖುಷಿ ಕೊಡುತ್ತದೆ.

ಕಾಡಿನೊಳಗೆ ಹೋಗುವಷ್ಟು ರಜೆ ಇಲ್ಲದವರಿಗೆ ಜನವರಿಯ ಏಷ್ಯನ್ ನೀರುಹಕ್ಕಿ ಗಣತಿ ಇದೆ. 1987ರಿಂದ ನಡೆಯುತ್ತಿದೆ. ನಿಮ್ಮೂರಿನ ಕೆರೆಯಲ್ಲೇ ಮಾಡಬಹುದು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕಪ್ಪೆಗಳ ಅಧ್ಯಯನ ನಡೆಯುತ್ತದೆ, ಆದರೆ ಅದಕ್ಕೆ ರಾತ್ರಿ ನಿದ್ದೆ ಬಿಡಬೇಕು, ಇಂಬಳದ ಕಾಟವನ್ನೂ ಸಹಿಸಬೇಕು.

ಅರ್ಜಿ ಹಾಕುವುದು

ಇಲಾಖೆಯ ಸರ್ವೆ ಆದರೆ ಪ್ರಕಟಣೆ ಪತ್ರಿಕೆಗಳಲ್ಲಿ, ಆಯಾ ಹುಲಿ ಮೀಸಲಿನ ಜಾಲತಾಣದ ಪುಟಗಳಲ್ಲಿ ಬರುತ್ತದೆ. ಸಂಸ್ಥೆಗಳ ಸರ್ವೆ ಆದರೆ ಅವರ ಪಟ್ಟಿಯಲ್ಲಿ ಮೊದಲೇ ಹೆಸರು ಕೊಟ್ಟಿಡಬೇಕು. ಸಮಯ ಬಹಳ ಕಡಿಮೆ ಇರುತ್ತದೆ. ಆಧಾರ್ ಪ್ರತಿ, ಫೋಟೊ, ರಕ್ತದ ಗುಂಪು, ಮನೆಯವರ ಫೋನ್ ನಂಬರ್, ವೈದ್ಯರ ಪ್ರಮಾಣಪತ್ರ ಇವನ್ನೆಲ್ಲ ಒಂದು ಕಡೆ ಇಟ್ಟುಕೊಂಡಿರಿ. 18 ವರ್ಷ ತುಂಬಿರಬೇಕು ಅನ್ನುವುದು ಹೆಚ್ಚಿನ ಕಡೆ ಇರುವ ನಿಯಮ. ಅಪಾಯಕ್ಕೆ ನೀವೇ ಹೊಣೆ ಅನ್ನುವ ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಓದಿ ಸಹಿ ಹಾಕಿ, ಮನೆಯವರಿಗೂ ತೋರಿಸಿ.

ಅರ್ಜಿಯಲ್ಲಿ "ನನಗೆ ಪ್ರಾಣಿಗಳೆಂದರೆ ಪ್ರಾಣ" ಅಂತ ಒಂದು ಪುಟ ಬರೆಯುವುದರಿಂದ ಏನೂ ಆಗುವುದಿಲ್ಲ. ಆಯ್ಕೆ ಮಾಡುವವರು ನೋಡುವುದು ಮೂರು ವಿಷಯ. ಎಲ್ಲ ದಿನವೂ ಇರುತ್ತೀರಾ? ದಿನಕ್ಕೆ ಏಳೆಂಟು ಕಿಲೋಮೀಟರ್ ಕಾಡಿನಲ್ಲಿ ನಡೆಯುತ್ತೀರಾ? ಹೇಳಿದ ಮಾತು ಕೇಳುತ್ತೀರಾ? ಮಧ್ಯದಲ್ಲಿ ಒಬ್ಬರು ಎದ್ದು ಹೋದರೆ ಒಂದು ಲೈನ್ ನಡೆಯದೆ ಉಳಿಯುತ್ತದೆ, ಬದಲಿ ಜನ ಅಷ್ಟು ಬೇಗ ಸಿಗುವುದಿಲ್ಲ. ಆಸ್ತಮಾ, ಮೂರ್ಛೆ, ಹೃದಯದ ತೊಂದರೆ, ಜೇನು ಕಚ್ಚಿದರೆ ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಎಷ್ಟೋ ಸಲ ಅಂಥವರಿಗೂ ಕ್ಯಾಂಪಿನಲ್ಲಿ ಡೇಟಾ ತುಂಬುವ ಕೆಲಸ ಸಿಗುತ್ತದೆ. ಕನ್ನಡ ಚೆನ್ನಾಗಿ ಬರುತ್ತದೆ ಅಂತ ಖಂಡಿತ ಬರೆಯಿರಿ. ನಿಮ್ಮ ಜೊತೆ ನಡೆಯುವ ವಾಚರ್‌ಗಳ (ಕಾಡು ಕಾಯುವ ಸಿಬ್ಬಂದಿ) ಜೊತೆ ಕ್ಷಣಮಾತ್ರದಲ್ಲಿ ಮಾತು ಅರ್ಥವಾಗಬೇಕಾದ ಸಂದರ್ಭಗಳು ಬರುತ್ತವೆ.

ನೀವೂ ಕೇಳಬೇಕಾದ ಪ್ರಶ್ನೆಗಳಿವೆ. ಅಭಯಾರಣ್ಯದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಆ ಅನುಮತಿ ಯಾರ ಹೆಸರಿನಲ್ಲಿದೆ? ತರಬೇತಿ ಎಷ್ಟು ದಿನ? ವಿಮೆ ಇದೆಯಾ? ಡೇಟಾ ಯಾರಿಗೆ ಹೋಗುತ್ತದೆ? ಇದಕ್ಕೆ ನೇರ ಉತ್ತರ ಕೊಡದೆ "ಹುಲಿ ಗ್ಯಾರಂಟಿ" ಅನ್ನುವವರು, ಮರಿಗಳನ್ನು ಎತ್ತಿಕೊಂಡು ಫೋಟೊ ತೆಗೆಯಬಹುದು ಅನ್ನುವವರು ಸಂಶೋಧನೆ ಮಾಡುತ್ತಿಲ್ಲ. ಅಂಥವರಿಗೆ ದುಡ್ಡು ಕೊಡಬೇಡಿ. ಊಟ, ವಸತಿಗೆ ಸ್ವಲ್ಪ ಹಣ ಕೇಳುವುದು ಬೇರೆ ಮಾತು, ಅದು ನ್ಯಾಯವೇ.

ಹೊರಡುವ ಮೊದಲಿನ ಒಂದು ತಿಂಗಳು

ದಿನಾ ಬೆಳಗ್ಗೆ ಐದಾರು ಕಿಲೋಮೀಟರ್ ನಡೆಯಿರಿ. ಕಾಡಿಗೆ ಹಾಕಿಕೊಂಡು ಹೋಗುವ ಶೂನಲ್ಲೇ ನಡೆಯಿರಿ. ಹೊಸ ಶೂ ಹಾಕಿಕೊಂಡು ಬಂದವರ ಕಾಲು ಎರಡನೇ ದಿನವೇ ಬೊಕ್ಕೆ ಎದ್ದು, ಮೂರನೇ ದಿನ ಅವರು ಕ್ಯಾಂಪಿನಲ್ಲಿ ಕೂತಿರುತ್ತಾರೆ. ನಡೆಯುವಾಗ ಹಾಡು ಕೇಳಬೇಡಿ, ಮಾತಾಡಬೇಡಿ. ಎರಡು ಗಂಟೆ ಮಾತಿಲ್ಲದೆ, ಫೋನ್ ಮುಟ್ಟದೆ ಸುತ್ತಲೂ ನೋಡುತ್ತಾ ಇರುವುದು ಅಭ್ಯಾಸದಿಂದಲೇ ಬರಬೇಕು.

ಇನ್ನು ಪ್ರಾಣಿ ಗುರುತು. ಜಿಂಕೆ ಮತ್ತು ಕಡವೆ ಗೊಂದಲ ಆಗುವುದಿಲ್ಲ. ಗೊಂದಲ ಆಗುವುದು ಕಾಡುಕುರಿ ಮತ್ತು ಕೊಂಡುಕುರಿ ನಡುವೆ. ಎರಡೂ ಚಿಕ್ಕವು, ಎರಡೂ ಪೊದೆಯಿಂದ ಪೊದೆಗೆ ಹಾರಿ ಮಾಯವಾಗುತ್ತವೆ. ಕಾಡುಕುರಿ ಕೆಂಪು ಕಂದು, ಮುಖದ ಮೇಲೆ ವಿ ಆಕಾರದ ಕಪ್ಪು ಗೆರೆ, ನಾಯಿ ಬೊಗಳಿದಂಥ ಕೂಗು. ಕೊಂಡುಕುರಿ ಮಾಸಲು ಕಂದು, ಗಂಡಿಗೆ ನಾಲ್ಕು ಮೋಟು ಕೊಂಬು. ಖಚಿತ ಇಲ್ಲದಿದ್ದರೆ 'ಗುರುತಾಗಲಿಲ್ಲ' ಅಂತ ಬರೆಯಬಹುದು. ಊಹಿಸಿ ಬರೆಯುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ದಿಕ್ಸೂಚಿ ಬಳಸಲು ಊರಲ್ಲೇ ಕಲಿಯಿರಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದಕ್ಕೆ ಒಳ್ಳೆಯ ಜಾಗ. ನೇರ ದಾರಿ ಇದೆ, ಎರಡೂ ಕಡೆ ಮರ ಇದೆ, ಹಕ್ಕಿ ಇದೆ. ಒಂದು ಮರ ಎಷ್ಟು ದೂರ ಇದೆ ಅಂತ ಮೊದಲು ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಹೆಜ್ಜೆ ಹಾಕಿ ಅಳೆಯಿರಿ. ವಾರದೊಳಗೆ ಕಣ್ಣು ಎಷ್ಟು ಪಳಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಚೀಲದಲ್ಲಿ ಏನಿರಬೇಕು

ಮಾಸಲು ಹಸಿರು, ಕಂದು, ಮಣ್ಣಿನ ಬಣ್ಣದ ಪೂರ್ತಿ ತೋಳಿನ ಅಂಗಿ, ಪ್ಯಾಂಟು. ಬಿಳಿ, ಕೆಂಪು, ಹಳದಿ ಬೇಡ. ಸೇನೆಯ ಮಚ್ಚೆ ಬಟ್ಟೆಯೂ ಬೇಡ. ಸರಸರ ಸದ್ದು ಮಾಡುವ ಜಾಕೆಟ್ ಮನೆಯಲ್ಲೇ ಬಿಡಿ. ಟೋಪಿ, ಉಣ್ಣೆಯ ಸ್ವೆಟರ್ (ಜನವರಿಯ ಬೆಳಗ್ಗೆ ಜೀಪಿನ ಹಿಂದೆ ಕೂತಾಗ ಬೇಕೇ ಬೇಕು), ತಲೆಗೆ ಕಟ್ಟುವ ಟಾರ್ಚ್, 2 ಲೀಟರ್ ನೀರು ಹಿಡಿಯುವ ಬಾಟಲಿಗಳು, ಓಆರ್‌ಎಸ್ ಪೊಟ್ಟಣ, ನಿಮ್ಮ ಮಾಮೂಲಿ ಮಾತ್ರೆಗಳು, ಚಿಮುಟ, ಸೊಳ್ಳೆಪರದೆ, ತಟ್ಟೆ ಲೋಟ, ಹೊದಿಕೆ. ಬೈನಾಕ್ಯುಲರ್ ಇದ್ದರೆ 8x42 ಅಳತೆಯದು ಸಾಕು. ಬರೆಯಲು ಪೆನ್ಸಿಲ್. ಇಬ್ಬನಿಯಲ್ಲಿ ಒದ್ದೆಯಾದ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ, ಬರೆದದ್ದು ಹರಡಿ ಹೋಗುತ್ತದೆ. ಸೆಂಟು, ಘಮಘಮಿಸುವ ಸೋಪು, ಸಿಗರೇಟು, ಮದ್ಯ, ಸ್ಪೀಕರ್ ತರಲೇಬಾರದು.

ಬಂಡೀಪುರದ ಕಡೆ ಹೋಗುವವರು ಒಂದು ನೆನಪಿಡಿ. ಊಟಿ, ಕೋಯಿಕ್ಕೋಡ್ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇದೆ. ಮಧ್ಯಾಹ್ನದೊಳಗೆ ರೇಂಜ್ ಆಫೀಸು ತಲುಪುವ ಹಾಗೆ ಹೊರಡಿ. ಅಲ್ಲಿಂದ ಕ್ಯಾಂಪಿಗೆ ಜೀಪು ಹೊರಟುಹೋದರೆ ಮತ್ತೆ ನಿಮ್ಮನ್ನು ಬಿಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕ್ಯಾಂಪಿನಲ್ಲಿ

ಉಳಿಯುವುದು ಹೆಚ್ಚಾಗಿ ಕಳ್ಳಬೇಟೆ ತಡೆ ಶಿಬಿರದಲ್ಲಿ. ಒಂದೋ ಎರಡೋ ಕೋಣೆ, ಸುತ್ತ ಆನೆ ಬಾರದ ಹಾಗೆ ಕಂದಕ, ಸೋಲಾರ್ ದೀಪ, ವಾಕಿಟಾಕಿ. ಫೋನ್ ಸಿಗ್ನಲ್ ಇರುವುದಿಲ್ಲ. ರಾತ್ರಿ ಕಂದಕ ದಾಟಿ ಹೊರಗೆ ಹೋಗಬಾರದು, ಬಹಿರ್ದೆಸೆಗೂ ಒಬ್ಬರೇ ಹೋಗಬಾರದು. ಊಟಕ್ಕೆ ಮುದ್ದೆ, ಹುರುಳಿ ಸಾರು, ಅನ್ನ. ಅಡುಗೆಗೆ ಕೈಜೋಡಿಸಿ, ನಿಮ್ಮ ತಟ್ಟೆ ನೀವೇ ತೊಳೆಯಿರಿ. ಮನೆಯಿಂದ ಒಂದಿಷ್ಟು ತರಕಾರಿ, ಕಾಫಿಪುಡಿ ಒಯ್ದರೆ ಅಲ್ಲಿನವರಿಗೆ ಖುಷಿಯಾಗುತ್ತದೆ.

ವಾಚರ್‌ಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಾಗರಹೊಳೆ, ಬಂಡೀಪುರದಲ್ಲಿ ಇವರಲ್ಲಿ ಹಲವರು ಜೇನುಕುರುಬರು, ಬೆಟ್ಟಕುರುಬರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು. ಮಳೆ, ಬೆಂಕಿ, ಆನೆ ಎಲ್ಲವನ್ನೂ ವರ್ಷವಿಡೀ ಎದುರಿಸುವವರು ಇವರು. ಎಷ್ಟೋ ಜನ ದಿನಗೂಲಿಯ ಮೇಲೆ ಇದ್ದಾರೆ. ನೀವು ಬೈನಾಕ್ಯುಲರ್ ಹಾಕಿಯೂ ಕಾಣದ ಪ್ರಾಣಿ ಅವರಿಗೆ ಬರಿಗಣ್ಣಿಗೆ ಕಾಣುತ್ತದೆ. ವಯಸ್ಸಿನಲ್ಲಿ ದೊಡ್ಡವರನ್ನು ಅಣ್ಣ ಅನ್ನಿ, ಬಹುವಚನದಲ್ಲಿ ಮಾತಾಡಿಸಿ. ಲೈನ್ ಮೇಲೆ ಅವರು "ನಿಂತ್ಕಳಿ ಸಾರ್" ಅಂದರೆ ಯಾಕೆ ಅಂತ ಕೇಳದೆ ನಿಲ್ಲಿ. ಕಾರಣ ಆಮೇಲೆ ಕೇಳಬಹುದು.

ಲೈನ್ ಮೇಲಿನ ಬೆಳಗ್ಗೆ

ನಾಲ್ಕೂವರೆಗೆ ಏಳಬೇಕು. ಬೆಳಕು ಹರಿಯುವ ಹೊತ್ತಿಗೆ ಲೈನ್‌ನ ಶುರುವಿನ ಗುರುತಿನ ಹತ್ತಿರ ಇರಬೇಕು. ಹುಲಿ ಅಂದಾಜಿನ ಲೈನ್ 2 ಕಿಲೋಮೀಟರ್ ಇರುತ್ತದೆ, ಬೇರೆ ಅಧ್ಯಯನಗಳಲ್ಲಿ ಇನ್ನೂ ಉದ್ದ. ಹೊರಡುವ ಮೊದಲು ಶೀಟ್ ತಲೆಯಲ್ಲಿ ಲೈನ್ ಸಂಖ್ಯೆ, ತಾರೀಖು, ಹೆಸರುಗಳು, ಹೊರಟ ಸಮಯ ಬರೆಯಿರಿ. ಇದನ್ನು ಕೊನೆಗೆ ಬರೆಯೋಣ ಅಂತ ಬಿಟ್ಟರೆ ಮರೆಯುವುದು ಗ್ಯಾರಂಟಿ.

ಇಬ್ಬರು ನಡೆಯುತ್ತೀರಿ, ಕೆಲವೊಮ್ಮೆ ಮೂವರು. ಸಾಲಾಗಿ, ಹತ್ತಿರ ಹತ್ತಿರ. ವೇಗ ಬಹಳ ನಿಧಾನ. 2 ಕಿಲೋಮೀಟರ್‌ಗೆ ಒಂದೂವರೆ ಗಂಟೆಯಾದರೂ ಬೇಕು. ಹತ್ತಾರು ಹೆಜ್ಜೆ ಇಟ್ಟು ನಿಂತು ಎಡಕ್ಕೆ, ಬಲಕ್ಕೆ, ಮುಂದಕ್ಕೆ ನೋಡಿ. ಫೆಬ್ರವರಿಯಲ್ಲಿ ತೇಗದ ಎಲೆ ಉದುರಿ ಒಣಗಿರುತ್ತದೆ, ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಹಾಗೆ ಸದ್ದಾಗುತ್ತದೆ. ಅದಕ್ಕೇ ಸರ್ವೆಗೆ ಮುಂಚೆ ವಾಚರ್‌ಗಳು ಲೈನ್ ಗುಡಿಸಿ, ಲಂಟಾನ ಕಡಿದು ಇಟ್ಟಿರುತ್ತಾರೆ. ಆ ಜಾಡು ಬಿಟ್ಟು ಆಚೆ ಈಚೆ ಹೋಗಬೇಡಿ.

ಈ ವಿಧಾನ ನಿಂತಿರುವುದು ಮೂರು ನಂಬಿಕೆಗಳ ಮೇಲೆ. ಲೈನ್ ಮೇಲೇ ಇರುವ ಪ್ರಾಣಿ ನಿಮ್ಮ ಕಣ್ಣು ತಪ್ಪುವುದಿಲ್ಲ. ಪ್ರಾಣಿ ನಿಮ್ಮನ್ನು ನೋಡಿ ಓಡುವ ಮೊದಲು ಎಲ್ಲಿತ್ತೋ ಅಲ್ಲಿಗೇ ನೀವು ಅಳೆಯುತ್ತೀರಿ. ಅಳತೆ ಸರಿಯಾಗಿದೆ. ದೂರದಲ್ಲಿರುವ ಪ್ರಾಣಿ ಕಣ್ಣು ತಪ್ಪಿದರೆ ಪರವಾಗಿಲ್ಲ. ದೂರ ಹೆಚ್ಚಿದಂತೆ ಕಾಣುವುದು ಎಷ್ಟು ಕಡಿಮೆಯಾಗುತ್ತದೆ ಅನ್ನುವುದನ್ನು ನಿಮ್ಮೆಲ್ಲರ ಅಳತೆಗಳಿಂದಲೇ ಲೆಕ್ಕ ಹಾಕಿ, ಕಾಣದೆ ಉಳಿದವನ್ನೂ ಅಂದಾಜು ಮಾಡುತ್ತಾರೆ. ಹಾಗಾಗಿ ದೂರದ ಪೊದೆಗಳನ್ನೇ ದಿಟ್ಟಿಸುತ್ತಾ ಲೈನ್ ಮೇಲೆ ಮುಂದೆ ನಿಂತ ಕಾಡುಕೋಳಿಯನ್ನು ಬಿಡುವುದು ದೊಡ್ಡ ತಪ್ಪು.

ಈಗ ಒಂದು ಹಿಂಡು ಕಂಡಿತು ಅಂದುಕೊಳ್ಳಿ. ಎಡಗಡೆ ಬಿದಿರು ಮೆಳೆಯ ಪಕ್ಕ ಜಿಂಕೆಗಳು. ನಿಂತ ಜಾಗದಲ್ಲೇ ನಿಲ್ಲಿ, ಒಂದು ಹೆಜ್ಜೆಯೂ ಮುಂದೆ ಬೇಡ. ಹಿಂಡಿನ ಮಧ್ಯಭಾಗ ಎಲ್ಲಿ ಅಂತ ಮನಸ್ಸಿನಲ್ಲಿ ಗುರುತು ಮಾಡಿ. ಒಬ್ಬರು ರೇಂಜ್‌ಫೈಂಡರ್‌ನಲ್ಲಿ (ಲೇಸರ್ ಬಿಟ್ಟು ದೂರ ಅಳೆಯುವ ಸಾಧನ) ದೂರ ನೋಡಲಿ. ಇಲ್ಲೊಂದು ಎಚ್ಚರ ಇದೆ: ಲೇಸರ್ ನಡುವೆ ಇರುವ ಎಲೆಗೆ ತಾಗಿ 18 ಮೀಟರ್ ಅಂತ ತೋರಿಸಬಹುದು, ಜಿಂಕೆ ಇರುವುದು 60 ಮೀಟರ್ ಆಚೆ. ಅದರ ಪಕ್ಕದ ದಪ್ಪ ಮರದ ಬೊಡ್ಡೆಗೆ ಹಿಡಿಯಿರಿ, ಎರಡು ಮೂರು ಸಲ ನೋಡಿ ಒಂದೇ ಅಂಕಿ ಬಂದರೆ ಬರೆಯಿರಿ. ಇನ್ನೊಬ್ಬರು ದಿಕ್ಸೂಚಿಯಲ್ಲಿ ಮೊದಲು ಹಿಂಡಿನ ದಿಕ್ಕು, ಆಮೇಲೆ ಲೈನ್‌ನ ದಿಕ್ಕು ಓದಲಿ. ಲೈನ್ 20 ಡಿಗ್ರಿ, ಹಿಂಡು 350 ಡಿಗ್ರಿ ಬಂದರೆ ಕೋನ 30 ಡಿಗ್ರಿ, 330 ಅಲ್ಲ. ಉತ್ತರ ದಿಕ್ಕು ದಾಟುವಾಗ ಈ ಲೆಕ್ಕ ತಪ್ಪುವವರು ಬಹಳ. ಸುಲಭದ ದಾರಿ ಅಂದರೆ ಎರಡೂ ಅಂಕಿಗಳನ್ನು ಹಾಗೇ ಬರೆದಿಡುವುದು, ಕಳೆಯುವುದು ಕ್ಯಾಂಪಿನಲ್ಲಿ.

ಕೊನೆಗೆ ಎಷ್ಟಿವೆ ಅಂತ ಎಣಿಸಿ. ನಿಂತಿರುವುದರ ಹಿಂದೆ ಮಲಗಿರುವುದು, ಅದರ ಹಿಂದೆ ಮರಿ. ಒಂದು ನಿಮಿಷ ಕಾದರೆ ಕಿವಿ ಆಡಿಸಿ, ಬಾಲ ಆಡಿಸಿ ಒಂದೊಂದಾಗಿ ಗೊತ್ತಾಗುತ್ತವೆ.

ಈ ಕೋನ, ದೂರಕ್ಕೆ ಇಷ್ಟು ಒದ್ದಾಟ ಯಾಕೆ ಅಂದರೆ, ಲೆಕ್ಕಕ್ಕೆ ಬೇಕಾದದ್ದು ಲೈನ್‌ನಿಂದ ಹಿಂಡು ಎಷ್ಟು ಪಕ್ಕಕ್ಕೆ ಇದೆ ಅನ್ನುವುದು. 60 ಮೀಟರ್ ದೂರ, 30 ಡಿಗ್ರಿ ಕೋನ ಆದರೆ ಪಕ್ಕದ ದೂರ 30 ಮೀಟರ್. ಸೋಮಾರಿತನದಿಂದ 20 ಡಿಗ್ರಿ ಅಂತ ಬರೆದರೆ ಅದು ಸುಮಾರು 20 ಮೀಟರ್ ಆಗುತ್ತದೆ. ಎಲ್ಲರೂ ಎಲ್ಲ ಕಡೆ ಇದೇ ಪ್ರಮಾಣದಲ್ಲಿ ಕಡಿಮೆ ಬರೆದರು ಅಂದುಕೊಳ್ಳಿ. ಲೈನ್ ಪಕ್ಕ ನಾವು ನೋಡಿದ ನೆಲದ ಪಟ್ಟಿ ಕಿರಿದಾಯಿತು, ಅದರೊಳಗೆ ಅಷ್ಟೇ ಪ್ರಾಣಿ ಕಂಡ ಹಾಗಾಯಿತು. ಅಂದರೆ ಕಾಡಿನಲ್ಲಿ ಇರುವುದಕ್ಕಿಂತ ಒಂದೂವರೆ ಪಟ್ಟು ಜಿಂಕೆ ಕಾಗದದ ಮೇಲೆ ಹುಟ್ಟಿಕೊಂಡವು. ಸರಿಸ್ಕಾದ ಕಾಗದದ ಹುಲಿಗಳಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. 0, 5, 10 ಅಂತ ದುಂಡು ಅಂಕಿ ಬರೆಯುವ ಅಭ್ಯಾಸವನ್ನೂ ಇದೇ ಕಾರಣಕ್ಕೆ ಬಿಡಬೇಕು. 27 ಬಂದರೆ 27 ಅಂತಲೇ ಬರೆಯಿರಿ.

ನೆಲದ ಮೇಲಿನ ಗುರುತುಗಳು, ಕ್ಯಾಮೆರಾ

ಹುಲಿ ಅಂದಾಜಿನಲ್ಲಿ ಲೈನ್‌ಗೆ ಮುಂಚೆ ಕಾಲುದಾರಿ, ಜೀಪುದಾರಿಗಳಲ್ಲಿ 5 ಕಿಲೋಮೀಟರ್ ನಡೆದು ಮಾಂಸಾಹಾರಿಗಳ ಹೆಜ್ಜೆ, ಹಿಕ್ಕೆ, ಉಗುರು ಗೀರಿದ ಗುರುತು ದಾಖಲಿಸುತ್ತಾರೆ. ಈಗ ಎಂ-ಸ್ಟ್ರೈಪ್ಸ್ ಅನ್ನುವ ಆ್ಯಪ್‌ನಲ್ಲಿ ನಡೆದ ಜಾಡು ತಾನೇ ದಾಖಲಾಗುತ್ತದೆ. ಕೆನ್ನಾಯಿಗಳ ಹಿಕ್ಕೆ ದಾರಿ ಕೂಡುವ ಜಾಗದಲ್ಲಿ ಗುಂಪಾಗಿ ಸಿಗುತ್ತದೆ. ಕರಡಿಯದರಲ್ಲಿ ಗೆದ್ದಲಿನ ಚೂರು, ಕಕ್ಕೆ ಬೀಜ. ಹುಲಿ, ಚಿರತೆಯದರಲ್ಲಿ ಕೂದಲು, ಮೂಳೆ ಚೂರು. ಬರಿಗೈಯಲ್ಲಿ ಮುಟ್ಟಬೇಡಿ. ಅದರಿಂದ ಡಿಎನ್‌ಎ ತೆಗೆಯುವುದಿದ್ದರೆ ನಿಮ್ಮ ಕೈ ತಾಗಿ ಕೆಡುತ್ತದೆ, ನಿಮಗೂ ಸೋಂಕು ತಗಲಬಹುದು.

ಕ್ಯಾಮೆರಾ ಟ್ರ್ಯಾಪ್ ಹಾಕಲು ಕರೆದುಕೊಂಡು ಹೋದರೆ ಅದೃಷ್ಟ ಅಂದುಕೊಳ್ಳಿ. ದಾರಿಯ ಎರಡೂ ಬದಿಗೆ ಒಂದೊಂದು ಹಾಕುತ್ತಾರೆ. ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ, ಎರಡೂ ಸಿಕ್ಕರೆ ಮಾತ್ರ ಗುರುತು ಪಕ್ಕಾ. ಎತ್ತರ ಮೊಣಕಾಲಿನ ಹತ್ತಿರ. ಎದುರು ಬದುರು ಇಟ್ಟ ಎರಡರ ಫ್ಲ್ಯಾಶ್ ಒಂದರ ಕಣ್ಣಿಗೆ ಇನ್ನೊಂದು ಹೊಡೆಯದ ಹಾಗೆ ಸ್ವಲ್ಪ ಓರೆ ಮಾಡುತ್ತಾರೆ. ಮುಂದೆ ಹುಲ್ಲು ಇದ್ದರೆ ಕೀಳಬೇಕು, ಇಲ್ಲದಿದ್ದರೆ ಗಾಳಿಗೆ ಆಡುವ ಹುಲ್ಲಿನದೇ ಸಾವಿರಾರು ಫೋಟೊ. ಆಮೇಲೆ ಒಬ್ಬರು ನಾಲ್ಕು ಕಾಲಿನಲ್ಲಿ ಅದರ ಮುಂದೆ ಹಾದು ಪರೀಕ್ಷೆ ಮಾಡುತ್ತಾರೆ. 2018ರ ಅಂದಾಜಿನಲ್ಲಿ ದೇಶಾದ್ಯಂತ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು, ಮೂರೂವರೆ ಕೋಟಿಯ ಹತ್ತಿರ ಚಿತ್ರಗಳು ಬಂದವು. ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. ಈ ಚಿತ್ರಗಳಲ್ಲಿ ಸೌದೆಗೆ ಬಂದ ಹೆಂಗಸರು, ಹಾಡಿಯ ಜನ ಕೂಡ ಇರುತ್ತಾರೆ. ಅಂಥ ಚಿತ್ರವನ್ನು ಯಾರಿಗೂ ತೋರಿಸಬಾರದು, ಫೋನಿನಲ್ಲಿ ಇಟ್ಟುಕೊಳ್ಳಬಾರದು.

ಆನೆ ಎದುರಾದರೆ

ನಮ್ಮ ಕಾಡುಗಳಲ್ಲಿ ನಡೆಯುವವರಿಗೆ ನಿಜವಾದ ಅಪಾಯ ಹುಲಿಯಿಂದಲ್ಲ, ಆನೆಯಿಂದ. ಆಮೇಲೆ ಕರಡಿ, ಒಂಟಿ ಕಾಟಿ. ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಹೊಟ್ಟೆ ಗುಡುಗುಡು ಅನ್ನುವುದು ಇವು ಆನೆ ಹತ್ತಿರ ಇರುವ ಸೂಚನೆ. ವಾಚರ್ ಒಂದು ಹಿಡಿ ಧೂಳು ಮೇಲಿಂದ ಬಿಟ್ಟು ಗಾಳಿ ಯಾವ ಕಡೆ ಅಂತ ನೋಡುತ್ತಾರೆ. ಗಾಳಿ ನಿಮ್ಮಿಂದ ಆನೆ ಕಡೆ ಬೀಸುತ್ತಿದ್ದರೆ ಬೇಗ ಜಾಗ ಬದಲಿಸಬೇಕು. ಸದ್ದಿಲ್ಲದೆ ಹಿಂದೆ ಸರಿಯಿರಿ. ಕೂಗಬೇಡಿ, ಫೋಟೊ ತೆಗೆಯಬೇಡಿ, ಚೆಲ್ಲಾಪಿಲ್ಲಿಯಾಗಿ ಓಡಬೇಡಿ. ಮರಿ ಇರುವ ಹಿಂಡು, ಒಂಟಿ ಸಲಗ ಎರಡಕ್ಕೂ ದೊಡ್ಡ ಸುತ್ತು ಹಾಕಬೇಕು. ಆ ದಿನ ಲೈನ್ ಅರ್ಧಕ್ಕೆ ನಿಂತರೆ ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಬರೆಯಿರಿ. ಅದೂ ಡೇಟಾನೇ. ಜೀವ ಪಣಕ್ಕಿಟ್ಟು ಲೈನ್ ಮುಗಿಸಿ ಅಂತ ಯಾವ ವಿಜ್ಞಾನಿಯೂ ಹೇಳುವುದಿಲ್ಲ.

ಉಣ್ಣೆ, ಜ್ವರ, ಹಾವು

ಒಣ ಕಾಲದಲ್ಲಿ ಉಣ್ಣೆ ಹುಳುಗಳು ಹೇರಳ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಸಂಜೆ ಬಂದ ತಕ್ಷಣ ಬಟ್ಟೆ ಬದಲಿಸಿ, ಮೊಣಕಾಲಿನ ಹಿಂದೆ, ಸೊಂಟ, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮಲೆನಾಡಿನ ಕಡೆ ಹೋಗುವವರಿಗೆ ಇದು ಇನ್ನೂ ಮುಖ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಗಳಿಂದ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ, ಜಾಗ ಗುರುತು ಮಾಡಿಕೊಂಡು ಇಲಾಖೆಗೆ ತಿಳಿಸಿ. ಊರಿಗೆ ಬಂದು ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ, "ನಾನು ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿತ್ತು" ಅಂತ ಮೊದಲ ಮಾತಿಗೇ ಹೇಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲ್ಲಾಡದ ಹಾಗೆ ಇಟ್ಟು, ವಿಷನಿರೋಧಕ ಇರುವ ಆಸ್ಪತ್ರೆಗೆ ಆದಷ್ಟು ಬೇಗ ಸಾಗಿಸಬೇಕು. ಆ ಆಸ್ಪತ್ರೆ ಯಾವುದು, ಕ್ಯಾಂಪಿನಿಂದ ಎಷ್ಟು ಹೊತ್ತಿನ ದಾರಿ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಸಂಜೆ, ಮತ್ತು ಊರಿಗೆ ಬಂದ ಮೇಲೆ

ದಿನದ ಶೀಟ್ ಅದೇ ದಿನ ನೋಡಿ ಮುಗಿಸಬೇಕು. ಇಬ್ಬರೂ ಕೂತು ಒಬ್ಬರು ಓದಿ, ಇನ್ನೊಬ್ಬರು ಒಪ್ಪಬೇಕು. ತಪ್ಪಿದ್ದರೆ ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಪಕ್ಕದ ತಂಡಕ್ಕೆ ಇಪ್ಪತ್ತು ಕಡವೆ ಸಿಕ್ಕಿತು, ನಮಗೆ ಎರಡೇ ಅಂತ ಬೇಜಾರಾಗುವುದು ಸಹಜ. ಆ ಬೇಜಾರಿನಲ್ಲಿ "ಅಲ್ಲಿ ಇನ್ನೊಂದು ಇತ್ತೇನೋ" ಅಂತ ಸೇರಿಸುವ ಆಸೆ ಬರುತ್ತದೆ. ಸೇರಿಸಬೇಡಿ. ಕಂಡದ್ದಷ್ಟೇ ಇರಲಿ.

ಫೋಟೊಗಳನ್ನು ಜಾಲತಾಣದಲ್ಲಿ ಹಾಕುವ ಮೊದಲು ತಂಡದ ಮುಖ್ಯಸ್ಥರನ್ನು ಕೇಳಿ, ಜಾಗದ ಮಾಹಿತಿ ತೆಗೆದುಹಾಕಿ. ಹುಲಿ ನೀರು ಕುಡಿಯುವ ಕೆರೆ ಯಾವುದು, ಚಿರತೆ ಮರಿ ಇಟ್ಟ ಬಂಡೆ ಎಲ್ಲಿ ಅನ್ನುವುದು ಕಳ್ಳಬೇಟೆಯವರಿಗೂ ಬೇಕಾದ ಮಾಹಿತಿ. ನಡೆಯುವಾಗ ಉರುಳು, ಹೊಸದಾಗಿ ಕಡಿದ ಬೊಡ್ಡೆ ಕಂಡಿದ್ದರೆ ಅದನ್ನು ಅಲ್ಲೇ ಗಾರ್ಡ್‌ಗೆ, ಬರಹದಲ್ಲಿ ರೇಂಜ್ ಆಫೀಸಿಗೆ ಹೇಳಿ. ಊರಿಗೆ ಬಂದ ಮೇಲೆ ನೆನಪಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ.

ಫಲಿತಾಂಶದ ವರದಿ ಬರಲು ತಿಂಗಳುಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಕೇಳುತ್ತಾ ಇರಿ, ಬಂದಾಗ ಓದಿ. ಮುಂದಿನ ಸಲ ಹೋಗುವಾಗ ಅದೇ ಕಾಡಿಗೆ ಹೋಗಲು ಪ್ರಯತ್ನಿಸಿ. ದಾರಿ, ಜನ, ಲೈನ್ ಗೊತ್ತಿರುವ ಸ್ವಯಂಸೇವಕರಿಗೆ ಮತ್ತೆ ತರಬೇತಿ ಕೊಡುವ ಶ್ರಮ ಇರುವುದಿಲ್ಲ, ಅಳತೆಯೂ ಮೊದಲಿಗಿಂತ ನಿಖರವಾಗಿರುತ್ತದೆ. ಈ ಸಲ ಆಯ್ಕೆ ಆಗದಿದ್ದರೆ ಜನವರಿಯ ನೀರುಹಕ್ಕಿ ಗಣತಿಗೆ ಹೆಸರು ಕೊಡಿ. ಅಲ್ಲಿ ಬೆಳಗ್ಗೆ ಕೆರೆ ಏರಿ ಮೇಲೆ ನಿಮ್ಮ ಪಕ್ಕ ನಿಂತು ಬಾತುಕೋಳಿ ಎಣಿಸುವವರಲ್ಲಿ ಒಬ್ಬರಾದರೂ ಕಾಡಿನ ಲೈನ್ ನಡೆದವರು ಇದ್ದೇ ಇರುತ್ತಾರೆ. ಮುಂದಿನ ಸರ್ವೆ ಯಾವಾಗ, ಯಾರನ್ನು ಕೇಳಬೇಕು ಅಂತ ಅವರೇ ಹೇಳುತ್ತಾರೆ.